ವಾರಕ್ಕೊಂದು ಮಾತ್ರೆ

ಜೂನ್ 8, ಭಾನುವಾರ. ಬೆಳಿಗ್ಗೆ 8.30

ಪೇಪರ್ ಗಾಡಿ ಇವತ್ತೂ ಲೇಟು. ಭಾನುವಾರದ ಪುರವಣಿ ದಪ್ಪ, ಮೇಲೆ ಫ್ಲ್ಯಾಟ್ ಮಾರುವವರ ಹೊಳೆಯುವ ಹಾಳೆ. ಯಲಹಂಕ ಸಂತೆ ಸರ್ಕಲ್ಲಿನಲ್ಲಿ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪುರವಣಿ ಸೇರಿಸಲು ನೋಡಿದೆ. ಬಲಗೈಯ ಎರಡು ಬೆರಳು ಬಗ್ಗಲಿಲ್ಲ. ಒಂದು ಹಾಳೆ ಎಳೆದರೆ ಮೂರು ಬರುತ್ತವೆ. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಇದು.

ಹೆಂಡತಿ ರಾಧಾಮಣಿ ಪಕ್ಕದಲ್ಲಿ ಕೂತು ಅಷ್ಟನ್ನೂ ಸೇರಿಸಿದಳು. ಬೀದಿ ಬೀದಿಗೆ ಬೇರೆ ಮಾಡಿ ಹಗ್ಗ ಬಿಗಿದಳು. ಮಾರ್ಚಿನಿಂದ ದಿನಾ ನನ್ನ ಜೊತೆ ಬರುತ್ತಾಳೆ. ಪಕ್ಕದ ಮೆಟ್ಟಿಲಿನ ಏಜೆಂಟ್ ಹಬೀಬುಲ್ಲಾನಿಗೆ ಬಾಯಿ ಸುಮ್ಮನಿರದು.

"ಏನ್ ರಾಮಯ್ಯನೋರೇ, ಏಜೆನ್ಸಿ ಅತ್ತಿಗೆ ಹೆಸ್ರಿಗೆ ಬರ್ದ್‌ಬಿಟ್ರಾ?"

"ಇಲ್ಲ ಕಣಯ್ಯ. ಕೆಲ್ಸ ಅವಳ್ದು, ಹೆಸ್ರು ನಂದು."

"ಅದು ಎಲ್ಲಾ ಮನೇಲೂ ಹಂಗೇ ಬಿಡಿ."

ಇವಳು ನಗಲಿಲ್ಲ. ಎರಡು ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಚಳಿ ಇರಲಿಲ್ಲ.

ಮನೆಗೆ ಬಂದು ಉಪ್ಪಿಟ್ಟು, ಆಮೇಲೆ ಮಾತ್ರೆ. ಭಾನುವಾರಕ್ಕೊಂದೇ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿ, ಅದರೊಳಗೆ ಇಟ್ಟಿದ್ದಾಳೆ. ಬಾಟಲಿ ನನ್ನ ಕೈಗೆ ಕೊಡುವುದಿಲ್ಲ. ಬೆನ್ನು ತಿರುಗಿಸಿ ನಿಂತು ಮಾತ್ರೆ ಬಿಡಿಸುತ್ತಾಳೆ, ಅಂಗೈಗೆ ಹಾಕುತ್ತಾಳೆ, ನುಂಗುವ ತನಕ ಎದುರಿಗೇ ನಿಲ್ಲುತ್ತಾಳೆ. ಬೇರೆ ದಿನದ ಹಳದಿ ವಿಟಮಿನ್ ಮಾತ್ರೆ ಮೇಜಿನ ಮೇಲೆ ಬಿದ್ದಿರುತ್ತದೆ. ಅದಕ್ಕೆ ಕಾವಲಿಲ್ಲ.

ಇದಕ್ಕೆ ಮಾತ್ರ ಯಾಕೆ?

ಜೂನ್ 11, ಬುಧವಾರ

ಗೊತ್ತಿರುವಷ್ಟು ಬರೆದಿಡುತ್ತೇನೆ. ಫೆಬ್ರವರಿಯಲ್ಲಿ ಶುರು. ಎರಡೂ ಕೈ, ಎರಡರಲ್ಲೂ ಅವೇ ಬೆರಳು. ಎದ್ದಾಗ ಕೈ ಹಲಗೆಯ ಹಾಗೆ. ಬಿಸಿಲೇರಿದ ಮೇಲೆ ಸಡಿಲ. ವಯಸ್ಸಾಯಿತು ಅಂದುಕೊಂಡೆ. ಹಬೀಬುಲ್ಲಾ ಕಾಲ್ ಸೂಪ್ ಕುಡಿಯಿರಿ ಅಂದ. ಎದುರುಮನೆಯವರು ಬದನೆಕಾಯಿ ಬಿಡಿ ಅಂದರು. ಎರಡೂ ಮಾಡಿದೆ. ಎರಡರಿಂದಲೂ ಏನೂ ಆಗಲಿಲ್ಲ.

ಮಾರ್ಚಿನಲ್ಲಿ ಹೆಬ್ಬಾಳದ ಆಸ್ಪತ್ರೆಯಲ್ಲಿ ತೋರಿಸಿದೆವು. ಡಾ. ಫರ್ಹೀನ್. ಸಣ್ಣ ವಯಸ್ಸು, ಒಳ್ಳೆಯ ಕನ್ನಡ. "ಮುಷ್ಟಿ ಕಟ್ಟಿ" ಅಂದರು. ಬೆರಳು ಅರ್ಧ ದಾರಿಯಲ್ಲಿ ನಿಂತವು. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ಮೂಳೆ ಸವೆತ ಅಲ್ಲ. ರೋಗದಿಂದ ಕಾಯಬೇಕಾದ ಮೈಯ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬಿದ್ದಿದೆ. ಹಾಗೇ ಬಿಟ್ಟರೆ ಬೆರಳು ಸೊಟ್ಟಗಾಗಿ ಅಲ್ಲೇ ನಿಲ್ಲುತ್ತದೆ, ಮತ್ತೆ ನೇರ ಆಗುವುದಿಲ್ಲ. ಮಾತ್ರೆ ಹಿಡಿಯಲು ಎರಡು ಮೂರು ತಿಂಗಳು ಬೇಕು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಆಡಿಸಬೇಕು. ಬಂಡಲ್ಲನ್ನು ಬೆರಳಿಂದ ಎತ್ತಬಾರದು, ಮೊಣಕೈ ಮೇಲೆ ಹೊರಬೇಕು.

ಇಷ್ಟು ಸರಿ. ಆಮೇಲೆ ರಕ್ತ ಕೊಡಲು ನನ್ನೊಬ್ಬನನ್ನೇ ಕೆಳಗೆ ಕಳಿಸಿದರು. ತಿರುಗಿ ಬಂದಾಗ ಡಾಕ್ಟರಮ್ಮನೂ ಇವಳೂ ಮಾತಾಡುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

ನನಗೆ ಬಿಪಿ ಇದೆ, ಶುಗರ್ ಇದೆ. ಎರಡಕ್ಕೂ ದಿನಾ ಮಾತ್ರೆ. ವಾರಕ್ಕೊಂದೇ ಮಾತ್ರೆ ತಿನ್ನುವ ಕಾಯಿಲೆ ಯಾವುದು? ಇಷ್ಟು ವರ್ಷದ ಆರೋಗ್ಯ ಪುಟದಲ್ಲಿ ಓದಿದ ನೆನಪಿಲ್ಲ.

ಜೂನ್ 17, ಮಂಗಳವಾರ

ಡಾಕ್ಟರ್ ಚೀಟಿ ಎಲ್ಲಿ ಅಂತ ಕೇಳಿದೆ. ಬೀರುವಿನಲ್ಲಿ ಅಂದಳು. ಬೀರುವಿನಲ್ಲಿ ಇಲ್ಲ. "ಎಲ್ಲೋ ಇರತ್ತೆ ಬಿಡ್ರೀ, ನಿಮ್ಗ್ಯಾಕೆ ಈಗ" ಅಂದಳು. ಬೇರೆ ಯಾವುದಕ್ಕೂ ಇವಳು ಹಾಗೆ ಹೇಳುವವಳಲ್ಲ. ಕರೆಂಟ್ ಬಿಲ್ ಕೂಡ ಒಡವೆಯ ಹಾಗೆ ಜೋಪಾನ ಮಾಡುತ್ತಾಳೆ.

ಮಧ್ಯಾಹ್ನ ಗ್ಯಾಸ್ ಸಿಲಿಂಡರ್ ಸರಿಸುವಾಗ ಹಿಂದೆ ಮಾತ್ರೆ ಶೀಟಿನ ಒಂದು ತುಂಡು ಸಿಕ್ಕಿತು. ಕತ್ತರಿಸಿದ್ದು. ಅರ್ಧ ಹೆಸರು ಉಳಿದಿದೆ. ಜೇಬಿಗೆ ಹಾಕಿಕೊಂಡು ಅಬ್ರಾರ್‌ನ ಮೆಡಿಕಲ್ ಸ್ಟೋರಿಗೆ ಹೋದೆ.

"ಇದು ಮೆಥೊಟ್ರೆಕ್ಸೇಟ್ ಸರ್. ನಿಮ್ಮನೇದೇ. ಕೀಲುವಾತಕ್ಕೆ ಕೊಡ್ತಾರೆ."

"ಕೀಲುವಾತಕ್ಕೆ ಮಾತ್ರನಾ?"

ಅವನು ಒಂದು ಕ್ಷಣ ತಡೆದ. ಆ ಕ್ಷಣ ಚೆನ್ನಾಗಿ ನೋಡಿದೆ.

"ಕ್ಯಾನ್ಸರ್‌ಗೂ ಕೊಡ್ತಾರೆ ಸರ್. ಆದ್ರೆ ಅದು ಬೇರೆ ಲೆಕ್ಕ. ಬಾಯಲ್ಲಿ ಹುಣ್ಣಾದ್ರೆ, ಕೂದ್ಲು ಉದುರಿದ್ರೆ ಡಾಕ್ಟ್ರಿಗೆ ಹೇಳಿ, ಅಷ್ಟೇ. ಟೆನ್ಶನ್ ತಗೋಬೇಡಿ."

ಟೆನ್ಶನ್ ತಗೋಬೇಡಿ ಅಂತ ಹೇಳುವುದು ಯಾವಾಗ? ತಗೊಳ್ಳುವ ವಿಷಯ ಇದ್ದಾಗ.

ಮನೆಗೆ ಬಂದು ಕನ್ನಡಿಯಲ್ಲಿ ಬಾಯಿ ನೋಡಿಕೊಂಡೆ. ನಾಲಿಗೆ, ಕೆನ್ನೆ ಒಳಗೆ, ವಸಡು. ಹುಣ್ಣಿಲ್ಲ.

ಜೂನ್ 18

ನನ್ನ ಅಕ್ಕನ ಗಂಡ ಮುನಿವೆಂಕಟಯ್ಯ. ಹೆಸರಘಟ್ಟದಲ್ಲಿ ಹಸು ಕಟ್ಟಿಕೊಂಡಿದ್ದರು. ಹೊಟ್ಟೆಯಲ್ಲಿ ಕ್ಯಾನ್ಸರ್. ಮನೆಯವರೆಲ್ಲ ಸೇರಿ ಗ್ಯಾಸ್ಟ್ರಿಕ್ ಅಂತ ಹೇಳಿದರು. ಊರಿಗೆಲ್ಲ ಗೊತ್ತು, ಡೇರಿಯಲ್ಲಿ ಹಾಲು ಅಳೆಯುವವನಿಗೂ ಗೊತ್ತು, ಭಾವನಿಗೆ ಗೊತ್ತಿಲ್ಲ. ಕೊನೆಯವರೆಗೂ ಅವರು ಹುಳಿ ಬಿಟ್ಟರೆ ಸರಿಹೋಗುತ್ತದೆ ಅಂತ ಹುಳಿ ಬಿಟ್ಟಿದ್ದರು.

ನಮ್ಮ ಕಡೆ ಹೀಗೆಯೇ. ಹೇಳುವುದಿಲ್ಲ. ಹೇಳಿದರೆ ರೋಗಿ ಕುಗ್ಗುತ್ತಾನೆ ಅಂತ. ಗ್ಯಾಸ್ಟ್ರಿಕ್ ಅನ್ನುತ್ತಾರೆ. ವಾತ ಅನ್ನುತ್ತಾರೆ.

ನನಗೂ ವಾತ ಅಂದಿದ್ದಾರೆ.

ಜೂನ್ 22, ಭಾನುವಾರ. ಸಂಜೆ

ಮಗಳು ಮೋನಿಕಾ ತಣಿಸಂದ್ರದಿಂದ ಬಂದಿದ್ದಳು. ಮೊದಲು ಹಬ್ಬಕ್ಕೆ ಬರುತ್ತಿದ್ದವಳು ಈಗ ವಾರ ವಾರ ಬರುತ್ತಿದ್ದಾಳೆ. ಬಂದವಳು ನನ್ನ ಹತ್ತಿರ ಹೆಚ್ಚು ಕೂರುವುದಿಲ್ಲ, ಅಡುಗೆಮನೆಗೆ ಹೋಗುತ್ತಾಳೆ. ಕುಕ್ಕರ್ ಕೂಗಿನ ಮಧ್ಯೆ ಮಾತು.

ಇವತ್ತು ನೀರು ಕುಡಿಯುವ ನೆಪದಲ್ಲಿ ಬಾಗಿಲ ತನಕ ಹೋದೆ. ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

ಮೋನಿಕಾ: "ಎಷ್ಟ್ ದಿನಾಂತ ಮುಚ್ಚಿಡ್ತೀಯಮ್ಮಾ? ಡಾಕ್ಟ್ರ ಹತ್ರ ಹೋಗ್ಲೇಬೇಕು ಕಣೇ."

ಇವಳು: "ಅಪ್ಪಂಗೆ ಮಾತ್ರ ಹೇಳ್ಬೇಡ. ಮೊದ್ಲೇ ಅನುಮಾನದ ಪ್ರಾಣಿ. ಗಾಬ್ರಿ ಬಿದ್ದು ಪೇಪರ್ ಬಿಟ್ಟು ಕೂತ್ಕೋತಾರೆ."

ಒಳಗೆ ಹೋದೆ. ಇಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅಂದರೆ ಮೋನಿಕಾ ತೆಗೆಯುತ್ತಿದ್ದಳು.

"ಏನಪ್ಪಾ, ನೀರಾ?" ಅಂತ ನಕ್ಕಳು. ಅವಳ ಅಮ್ಮನ ನಗು ಹಾಗೇ ಬಂದಿದೆ. ಸುಳ್ಳು ಹೇಳುವಾಗ ಎಡಗೆನ್ನೆ ಮಾತ್ರ ನಗುತ್ತದೆ.

ಬೆಳಿಗ್ಗೆ ಮಾತ್ರೆ ನುಂಗಿದ್ದೆ. ಇದೇ ಕೊನೆ.

ಜೂನ್ 29, ಭಾನುವಾರ

ನುಂಗಲಿಲ್ಲ. ನಾಲಿಗೆ ಕೆಳಗೆ ಇಟ್ಟುಕೊಂಡು ನೀರು ಕುಡಿದೆ. ಕಹಿ. ಬಚ್ಚಲಿಗೆ ಹೋಗಿ ಕರವಸ್ತ್ರಕ್ಕೆ ಉಗಿದೆ.

ಕೋಪಕ್ಕೆ ಮಾಡಿದ್ದಲ್ಲ. ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಡಾಕ್ಟರಮ್ಮನೂ ಇವರ ಕಡೆ. ಆದರೆ ಬೆರಳಿಗೆ ಸುಳ್ಳು ಹೇಳಿಕೊಡಲು ಆಗುವುದಿಲ್ಲ. ಮೇ ಕೊನೆಯಿಂದ ಕೈ ಸ್ವಲ್ಪ ಸುಧಾರಿಸಿತ್ತು. ಟೀ ಬರುವ ಹೊತ್ತಿಗೆ ಲೋಟ ಹಿಡಿಯುತ್ತಿದ್ದೆ. ಮಾತ್ರೆ ಬಿಟ್ಟರೆ ಊತ ತಿರುಗಿ ಬಂದರೆ ಇದು ಕೀಲಿನ ಕಾಯಿಲೆ, ಅವರು ಹೇಳಿದ್ದು ನಿಜ. ಬರದಿದ್ದರೆ ಮಾತ್ರೆ ಬೇರೆಯದಕ್ಕೆ.

ಬೆರಳು ಸೊಟ್ಟಗಾದೀತು, ಗೊತ್ತಿದೆ. ಆದರೂ ತಿಳಿದುಕೊಳ್ಳಬೇಕು.

ಜುಲೈ 6, ಭಾನುವಾರ

ಎರಡನೆಯದೂ ಕರವಸ್ತ್ರಕ್ಕೆ.

ಹೊಸ ವಿಷಯ. ಇವಳು ಸಾರು ಬಿಟ್ಟಿದ್ದಾಳೆ. ಉಪ್ಪಿನಕಾಯಿ ಇಲ್ಲ, ಚಟ್ನಿ ಇಲ್ಲ. ಮೂರು ಹೊತ್ತೂ ಮೊಸರನ್ನ, ಅದೂ ಕಿವುಚಿಕೊಂಡು. ಯಾಕೆ ಅಂದರೆ "ರುಚಿ ಇಲ್ಲ". ಹಸಿಮೆಣಸಿನಕಾಯಿ ಕಡಿದುಕೊಂಡು ಮುದ್ದೆ ಉಣ್ಣುವವಳು. ಆಷಾಢ ಬೇರೆ. ಶುಕ್ರವಾರ ದೇವಸ್ಥಾನಕ್ಕೆ ಹೋಗಿದ್ದಳು.

ಹರಕೆ. ಬೇರೇನಿರುತ್ತದೆ? ಗಂಡ ಉಳಿದರೆ ಖಾರ ಮುಟ್ಟುತ್ತೇನೆ ಅಂತ ಹೇಳಿಕೊಂಡಿದ್ದಾಳೆ.

ಹಬೀಬುಲ್ಲಾನಿಗೆ ಬಾಯಿ ಬಿಟ್ಟೆ. ಅವನು ಹೇಳಿದ, "ನಮ್ಮನೆಯೋಳು ಮುಸರ್ರತ್, ನಾನು ನಾಲ್ಕ್ ಸಲ ಕೆಮ್ಮಿದ್ರೆ ರೋಜಾ ಉಪವಾಸ ಇಡ್ತಾಳೆ. ಸತ್ತೇಹೋಗ್ತೀನಿ ಅಂತಲ್ಲ ಗುರು, ಪ್ರೀತಿಗೆ. ನೀವು ಪೇಪರ್ ಮಾರಿ ಮಾರಿ ಎಲ್ಲಾನೂ ಹೆಡ್‌ಲೈನ್ ಮಾಡ್ಕೋತೀರ."

ನಗಬೇಕಿತ್ತು. ಆಗಲಿಲ್ಲ.

ಬಚ್ಚಲ ಜಾಲರಿಯಲ್ಲಿ ಕೂದಲು. ನನ್ನದಲ್ಲ, ಉದ್ದದ್ದು. ನನ್ನ ತಲೆಯಲ್ಲಿ ಉದುರಲು ಉಳಿದಿರುವುದೂ ಕಡಿಮೆ. ಚಿಂತೆಗೆ ಹೆಂಗಸರ ಕೂದಲು ಉದುರುತ್ತದೆ ಅಂತ ಓದಿದ್ದೇನೆ. ನನ್ನ ಚಿಂತೆ. ಪಾಪ ಅನ್ನಿಸಿತು. ಆದರೂ ಹೇಳುವುದಿಲ್ಲವಲ್ಲ ನನಗೆ...

ಕನ್ನಡಿ. ಬಾಯಲ್ಲಿ ಹುಣ್ಣಿಲ್ಲ.

ಜುಲೈ 13, ಭಾನುವಾರ. ಬೆಳಿಗ್ಗೆ 9

ಬಂತು!

ರಾತ್ರಿಯಿಂದಲೇ ಮಣಿಕಟ್ಟು ಬಿಸಿ. ಎದ್ದಾಗ ಬೆರಳಿನ ಗೆಣ್ಣು ಕಡಲೆಕಾಯಿ ಹಾಗೆ ಉಬ್ಬಿವೆ. ಅಂಗಿ ಗುಂಡಿ ಹಾಕಲು ಆಗಲಿಲ್ಲ. ನಲ್ಲಿ ತಿರುಗಿಸಲು ಆಗಲಿಲ್ಲ. ಪೆನ್ನು ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದೇನೆ, ಒಂದನೇ ಕ್ಲಾಸ್ ಅಕ್ಷರ. ಕಣ್ಣಲ್ಲಿ ನೀರು ಬರುವಷ್ಟು ನೋವು. ಇಷ್ಟು ಸಂತೋಷದ ನೋವು ನಾನು ಕಂಡಿಲ್ಲ.

ವಾತವೇ. ಬರೀ ವಾತ.

ಇವಳು ನನ್ನ ಕೈ ನೋಡಿ ಕೂತುಬಿಟ್ಟಳು. "ಮಾತ್ರೆ ತಗೋತಾನೇ ಇದೀರಲ್ರೀ, ಯಾಕ್ ಹಿಂಗಾಯ್ತು?" ಅಂದಳು. ಮುಖ ಬಿಳಿಚಿತ್ತು. ಇವತ್ತಿನ ಮಾತ್ರೆ ನುಂಗಿದೆ.

ಬಂಡಲ್ ಅಷ್ಟನ್ನೂ ಅವಳೇ ಕಟ್ಟಿದಳು. ಹಗ್ಗವನ್ನು ಹಲ್ಲಿನಲ್ಲಿ ಹಿಡಿದು ಎಳೆದಳು. ಒಮ್ಮೆ ಬಾಯಿಂದ ಹಗ್ಗ ಬಿಟ್ಟು ಕೆನ್ನೆ ಹಿಡಿದುಕೊಂಡಳು. ಹಲ್ಲು ನೋವಾ ಅಂದೆ. ಹೂಂ ಅಂದಳು.

ಜುಲೈ 15, ಮಂಗಳವಾರ

ಸಂತೋಷ ಎರಡು ದಿನ ನಿಲ್ಲಲಿಲ್ಲ. ನನಗೆ ಇರುವುದು ವಾತ. ಅದು ನನಗೂ ಗೊತ್ತು, ಇವಳಿಗೂ ಗೊತ್ತು. ಹಾಗಾದರೆ ಅಡುಗೆಮನೆಯಲ್ಲಿ ಮುಚ್ಚಿಟ್ಟದ್ದು ಏನು? ಬಾಟಲಿ ಯಾಕೆ ಮೇಲೆ? ಚೀಟಿ ಎಲ್ಲಿ?

ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಉಳಿದವು ಹಾಗೇ ಇವೆ.

ಶುಕ್ರವಾರ ಹೆಬ್ಬಾಳಕ್ಕೆ ಹೋಗುತ್ತೇನೆ. ಒಬ್ಬನೇ. ಇವಳಿಗೆ ಏಜೆನ್ಸಿ ಮೀಟಿಂಗ್ ಅಂತ ಹೇಳಬೇಕು.

ಜುಲೈ 18, ಶುಕ್ರವಾರ. ಮಧ್ಯಾಹ್ನ 3.30

ಹೋಗಿ ಬಂದೆ. ನೆನಪಿರುವಾಗಲೇ ಬರೆಯಬೇಕು.

ಮಾತ್ರೆ ಉಗಿದದ್ದು ಹೇಳಿದೆ. ಡಾ. ಫರ್ಹೀನ್ ಪೆನ್ನು ಕೆಳಗಿಟ್ಟರು.

"ಯಾಕ್ ಅಂಕಲ್?"

"ಇದು ಕ್ಯಾನ್ಸರ್ ಮಾತ್ರೆ ಅಂತ ಗೊತ್ತಾಯ್ತು. ನನ್ ಹತ್ರ ಮುಚ್ಚಿಡ್ತಿದೀರಿ ಅಂದ್ಕೊಂಡೆ."

ಅವರು ನಗಲಿಲ್ಲ, ಬೈಯಲೂ ಇಲ್ಲ. ಕ್ಯಾನ್ಸರ್‌ಗೆ ಕೊಡುವುದು ಇದರ ಎಷ್ಟೋ ಪಟ್ಟು ಅಂದರು. ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಟ್ಟರೆ ಕೀಲಿನ ಮೇಲೆ ಬಿದ್ದ ಶಕ್ತಿಯನ್ನು ತಣ್ಣಗೆ ಮಾಡುತ್ತದೆ. ವಾರಕ್ಕೊಮ್ಮೆ ಮಾತ್ರ. ತಿಂಗಳ ರಕ್ತ ಪರೀಕ್ಷೆ ಅದಕ್ಕೇ, ಮಾತ್ರೆ ಮೈಯನ್ನು ಕಾಡುತ್ತಿಲ್ಲ ಅಂತ ನೋಡಲು.

"ಮತ್ತೆ ಅವತ್ತು ನನ್ನ ಕೆಳಗೆ ಕಳ್ಸಿ ನಮ್ಮೋಳ ಹತ್ರ ಏನ್ ಮಾತಾಡಿದ್ರಿ?"

"ಮಾತ್ರೆ ನಿಮ್ ಕೈಗೆ ಕೊಡ್ಬೇಡಿ ಅಂದೆ. ನೋವು ಜಾಸ್ತಿ ಆಯ್ತು ಅಂತ ಕೆಲವ್ರು ದಿನಾ ಒಂದೊಂದು ತಗೊಂಡ್‌ಬಿಡ್ತಾರೆ ಅಂಕಲ್. ಮೊದ್ಲು ಬಾಯೆಲ್ಲಾ ಹುಣ್ಣು, ಊಟ ಮಾಡಕ್ಕಾಗಲ್ಲ. ಕೂದ್ಲು ಹೋಗತ್ತೆ. ಆಮೇಲೆ ರಕ್ತದಲ್ಲಿ ಕಣ ಇಳ್ದು ಜ್ವರ ಬರತ್ತೆ. ಆಗ ಜೀವಕ್ಕೇ ಅಪಾಯ. ನಿಮ್ ಮುಖ ನೋಡಿದ್ರೆ ನೀವು ಹೇಳಿದ್ ಕೇಳೋರ ಥರ ಕಾಣ್ಲಿಲ್ಲ, ಅದಕ್ಕೇ."

ಅಷ್ಟೇ. ಬಾಟಲಿಯ ರಹಸ್ಯ ಅಷ್ಟೇ. ಮೈಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಬಸ್ಸಿನಲ್ಲಿ ಹೆಬ್ಬಾಳ ಫ್ಲೈಓವರ್ ದಾಟುವಾಗ ನನ್ನಷ್ಟಕ್ಕೆ ನಗು ಬಂತು.

ಇಳಿದು ಅಬ್ರಾರ್‌ನ ಅಂಗಡಿಯಲ್ಲಿ ಹೊಸ ಶೀಟ್ ಕೇಳಿದೆ.

"ಮನೇಲಿ ಖಾಲಿನಾ ಸರ್? ಮೊನ್ನೆ ತಾನೇ ಅಮ್ಮಾವ್ರು ತಗೊಂಡ್ರು. ಹೋದ್ ತಿಂಗ್ಳೂ ತಗೊಂಡಿದ್ರು. ಅದೇ ಚೀಟಿ ತೋರ್ಸಿದ್ರು, ಕೊಟ್ಟೆ."

ವಾರಕ್ಕೊಂದು ಮಾತ್ರೆ ತಿನ್ನುವ ಮನೆಗೆ ಇಷ್ಟು ಶೀಟು.

ಮೊದಲು ಬಂದ ಯೋಚನೆಯನ್ನೂ ಬರೆಯುತ್ತೇನೆ, ನಾಚಿಕೆಯಾದರೂ. ನನ್ನ ಮಜ್ಜಿಗೆಗೆ ಹಾಕುತ್ತಿದ್ದಾಳಾ ಅಂದುಕೊಂಡೆ. ಆದರೆ ನನ್ನ ಬಾಯಲ್ಲಿ ಹುಣ್ಣಿಲ್ಲ. ದಿನಾ ನೋಡಿದ್ದೇನೆ.

ಮನೆಗೆ ಬಂದರೆ ಇವಳು ಮಲಗಿದ್ದಾಳೆ. ಮದುವೆಯಾದಾಗಿನಿಂದ ಹಗಲಲ್ಲಿ ಮಲಗಿದ್ದು ನೋಡಿಲ್ಲ. ಈ ಸೆಕೆಗೆ ಕಂಬಳಿ ಹೊದ್ದಿದ್ದಾಳೆ. ತಲೆದಿಂಬಿನ ಮೇಲೆ ಕೂದಲು. ಅಡುಗೆಮನೆಯಲ್ಲಿ ಅರ್ಧ ಬಿಟ್ಟ ಮೊಸರನ್ನ.

ಹರಕೆ ಅಲ್ಲ.

ಅದೇ ದಿನ. ಸಂಜೆ 7.15. ಹೆಬ್ಬಾಳ, ಆಸ್ಪತ್ರೆ

ಡೈರಿ ಬ್ಯಾಗಿನಲ್ಲೇ ಬಂದಿದೆ. ಕೈಗೆ ಏನಾದರೂ ಕೆಲಸ ಬೇಕು.

ಎಬ್ಬಿಸಿದೆ. ಹಣೆ ಸುಡುತ್ತಿತ್ತು.

"ಯಾವಾಗ್ ಬಂದ್ರಿ? ಇರಿ, ಕಾಫಿ ಇಡ್ತೀನಿ."

"ಮುಷ್ಟಿ ಕಟ್ಟು."

"ಏನ್ರೀ?"

"ಮುಷ್ಟಿ ಕಟ್ಟು ರಾಧಾ."

ಕೈ ಕಂಬಳಿಯೊಳಗೆ ಹೋಯಿತು. ನಾನೇ ಹೊರಗೆ ಎಳೆದೆ. ಮಡಿಸಲು ನೋಡಿದಳು. ನನ್ನ ಬೆರಳು ಎಲ್ಲಿ ನಿಲ್ಲುತ್ತವೋ ಅವಳ ಬೆರಳೂ ಅಲ್ಲೇ ನಿಂತವು. ಕಂಕುಳಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದದ್ದು ಇದಕ್ಕೆ. ಮೋನಿಕಾ ನಾರು ತೆಗೆದದ್ದು ಇದಕ್ಕೆ.

"ಬಾಯಿ ತೆಗಿ."

ತೆಗೆದಳು. ಬರೆಯುವುದಿಲ್ಲ.

"ಏಪ್ರಿಲ್‌ನಲ್ಲೇ ಶುರುವಾಯ್ತು. ಅದೇ ನೋವು, ಅದೇ ಬೆರಳು. ಅದೇ ಮಾತ್ರೆ ಸಾಕು, ಇನ್ನೊಂದ್ ಸಲ ಡಾಕ್ಟ್ರು ಯಾಕೆ ಅಂತ ನಿಮ್ ಜೊತೇಲೇ ಭಾನುವಾರ ತಗೋತಿದ್ದೆ. ಹಿಡೀಲಿಲ್ಲ. ಆಷಾಢದಿಂದ ದಿನ ಬಿಟ್ಟು ದಿನ."

"ಈ ವಾರ?"

"ನಿಮ್ ಕೈ ಮತ್ತೆ ಊದ್ಕೊಂತಲ್ಲ. ಇಬ್ರ ಕೈಯೂ ನಿಂತ್ರೆ ಪೇಪರ್ ಯಾರು ಕಟ್ತಾರೆ? ಬೇಗ ವಾಸಿ ಆಗ್ಲಿ ಅಂತ... ದಿನಾ."

ನನ್ನ ಕೈ ಊದಿಕೊಂಡದ್ದು ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ಇನ್ನೂ ಹೇಳಿಲ್ಲ.

"ದಿನಾ ಬೇಡ ಅಂತ ಡಾಕ್ಟ್ರು ನಿಂಗೇ ಹೇಳಿರ್ಲಿಲ್ವೇನೇ?"

"ನಿಮ್ಗೆ ಬೇಡ ಅಂದ್ರು. ನಿಮ್ಗೆ ಬಿಪಿ, ಶುಗರ್ ಎಲ್ಲಾ ಇದೆ. ನಂಗೇನಿದೆ?"

ಹಬೀಬುಲ್ಲಾನಿಗೆ ಫೋನ್ ಮಾಡಿದೆ.

ಹಬೀಬುಲ್ಲಾ ಪೇಪರ್ ಹಾಕುವ ಓಮ್ನಿ ತಂದ. ಹಿಂದೆ ಸೀಟಿಲ್ಲ, ಹಳೇ ಬಂಡಲ್ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಅವನು ಮಾತಾಡದೆ ಇದ್ದದ್ದಕ್ಕೆ ಹೆಚ್ಚು ಹೆದರಿದೆ. ಜಕ್ಕೂರು ದಾಟುವಾಗ ಇವಳು ನನ್ನ ತೋಳು ಜಗ್ಗಿದಳು. "ಮೋನಿಗೆ ಹೇಳ್ಬೇಡಿ. ನೋವು ಅಂತ ಗೊತ್ತು ಅವಳ್ಗೆ, ಮಾತ್ರೆ ಗೊತ್ತಿಲ್ಲ. ಗಾಬ್ರಿ ಬೀಳ್ತಾಳೆ."

ಅವಳ ಮುಂದೆಯೇ ಫೋನ್ ಮಾಡಿ ಎಲ್ಲಾ ಹೇಳಿದೆ. "ಸಾಕು. ಇನ್ಮೇಲೆ ನಮ್ಮನೇಲಿ ಯಾರೂ ಯಾರ್ ಹತ್ರಾನೂ ಮುಚ್ಚಿಡೋದ್ ಬೇಡ" ಅಂದೆ. ಅನ್ನುವಾಗ ನನ್ನ ಕರವಸ್ತ್ರ ನೆನಪಾಯಿತು.

ರಕ್ತ ತೆಗೆದುಕೊಂಡು ಹೋಗಿದ್ದಾರೆ. ಮಾತ್ರೆಯ ವಿಷ ಇಳಿಸುವ ಇಂಜೆಕ್ಷನ್ ಇದೆಯಂತೆ, ಕೊಟ್ಟಿದ್ದಾರೆ. ಮನೆಗೆ ಹೊರಟಿದ್ದ ಡಾ. ಫರ್ಹೀನ್ ತಿರುಗಿ ಬಂದು ಒಳಗೆ ಹೋಗಿದ್ದಾರೆ. ಮೋನಿಕಾ ಈಗ ಬಂದಳು, ಓಡಿಕೊಂಡೇ ಬಂದಿದ್ದಾಳೆ, ಚಪ್ಪಲಿ ಬೇರೆ ಬೇರೆ ಜೋಡಿಯವು. ನನ್ನ ಪಕ್ಕ ಕೂತು ಅಳುತ್ತಿದ್ದಾಳೆ. ನನ್ನ ಬೆರಳು ಬಗ್ಗುವುದಿಲ್ಲ, ಅಂಗೈಯನ್ನು ಹಾಗೇ ಅವಳ ಬೆನ್ನ ಮೇಲೆ ಇಟ್ಟಿದ್ದೇನೆ.

ಬಾಗಿಲು ತೆರೆಯಿತು. ಡಾಕ್ಟರಮ್ಮ. ಕೈಯಲ್ಲಿ ರಿಪೋರ್ಟು. ನನ್ನನ್ನು ನೋಡಿದರು. ಹತ್ತಿರ ಬರಲಿಲ್ಲ. ಮೋನಿಕಾಗೆ ಕೈಸನ್ನೆ ಮಾಡಿದರು, ಇಬ್ಬರೂ ಕಿಟಕಿಯ ಕಡೆಗೆ ಹೋದರು. ದನಿ ತಗ್ಗಿಸಿ ಮಾತು. ಮೋನಿಕಾ ನನ್ನ ಕಡೆ ತಿರುಗಿ ನಗುತ್ತಿದ್ದಾಳೆ. ಎಡಗೆನ್ನೆ ಮಾತ್ರ —

ಇಲ್ಲ. ನನಗೇ ಹೇಳಬೇಕು. ಎದ್ದು ಹೋಗಿ ಕೇಳುತ್ತೇನೆ.